ದಿನಕ್ಕೆ ನೂರು ಸಲ

"ದಿನಕ್ಕೆ ಇಪ್ಪತ್ತಲ್ಲ ಸ್ವಾಮಿ, ನೂರಕ್ಕೂ ಮೇಲೆ ಊದಿಸ್ತಾ ಇದೀನಿ," ಎಂದ ಮುನಿಗಂಗಪ್ಪ, ಶಹಬಾಸ್ ಅನ್ನಿಸಿಕೊಳ್ಳಲು ಕಾದವನ ಹಾಗೆ.

ಪಕ್ಕದ ಬೆಂಚಿನ ಮೇಲೆ ಅವನ ಹೆಂಡತಿ ಅಕ್ಕಯ್ಯಮ್ಮ ಮೊಣಕಾಲಿಗೆ ಕೈ ಊರಿಕೊಂಡು, ಉಸಿರಿಗಾಗಿ ಭುಜ ಎತ್ತಿ ಎತ್ತಿ ಇಳಿಸುತ್ತಿದ್ದಳು. ತಿಂಗಳ ಹಿಂದೆ ಬಸ್ಸಿಳಿದು ಚಿಂತಾಮಣಿಯ ಈ ಡಾಕ್ಟರ ಷಾಪಿಗೆ ನಡೆದೇ ಬಂದಿದ್ದವಳನ್ನು ಇವತ್ತು ಎತ್ತಿನ ಗಾಡಿಯಿಂದ ಎತ್ತಿ ಇಳಿಸಬೇಕಾಯಿತು. ಡಾಕ್ಟರ್ ಚನ್ನಕೇಶವರಿಗೆ ಏನೂ ಅರ್ಥವಾಗಲಿಲ್ಲ.

ಹೋದ ಸಲ ಅವರು ಔಷಧಿಯ ಜೊತೆಗೆ ಒಂದು ಅಭ್ಯಾಸವನ್ನೂ ಹೇಳಿಕೊಟ್ಟಿದ್ದರು. ಮೂಗಿನಿಂದ ಉಸಿರೆಳೆದು, ತುಟಿ ಕಿರಿದು ಮಾಡಿ ಮೆಲ್ಲಗೆ ಬಿಡಬೇಕು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಕೆಟ್ಟ ಎದೆ ಹೊಸದಾಗುವುದಿಲ್ಲ, ಆದರೆ ಇದ್ದ ಉಸಿರಿನಲ್ಲೇ ಬಾವಿಯವರೆಗೆ ಹೋಗಿಬರುವ ಶಕ್ತಿ ಬರುತ್ತದೆ ಎಂದಿದ್ದರು. ಹೇಗೆ ಬಿಡಬೇಕೆಂದು ಅವಳಿಗೆ ತಿಳಿಯದಿದ್ದಾಗ, ಊದುಗೊಳವೆ ಊದಿದ ಹಾಗಮ್ಮ ಎಂದವರೂ ಅವರೇ.

ಮುನಿಗಂಗಪ್ಪನಿಗೆ ಅಷ್ಟು ಸಾಕಾಯಿತು. ಹೇಳಿಕೇಳಿ ರೇಷ್ಮೆ ಬಿಚ್ಚುವ ಮನೆ. ಗೂಡು ಬೇಯಿಸುವ ಒಲೆ ಬೆಳಗಿನಿಂದ ಉರಿಯುತ್ತಲೇ ಇರುತ್ತದೆ. ಇಪ್ಪತ್ತು ಸಲಕ್ಕೆ ಗುಣವಾಗುವುದಾದರೆ ನೂರು ಸಲಕ್ಕೆ ಇನ್ನೆಷ್ಟು ಆಗಬೇಡ? ಊದುಗೊಳವೆ ಕೊಟ್ಟು ಅವಳನ್ನು ಒಲೆಯ ಮುಂದೆಯೇ ಕೂರಿಸಿದ. ಹಸಿ ಸೌದೆಯಾದರೆ ಹೆಚ್ಚು ಊದಬೇಕಾಗುತ್ತದೆಂದು ಆರಿಸಿ ಆರಿಸಿ ಹಸಿಯದನ್ನೇ ತುರುಕಿದ. ಪ್ರೀತಿ ಕುರುಡು ಅನ್ನುತ್ತಾರೆ. ಇವನದು ಪೆದ್ದೂ ಆಗಿತ್ತು.

ಇದನ್ನೆಲ್ಲ ಅವನು ಖುಷಿಯಾಗಿ ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರ ಮುಖ ಬಿಳಿಚಿಕೊಂಡಿತ್ತು.

"ಈಯಮ್ಮನ ಎದೆ ಕೆಡಿಸಿರೋದೇ ಆ ಹೊಗೆ ಕಣಪ್ಪಾ. ಇಪ್ಪತ್ತು ವರ್ಷ ಒಲೆ ಮುಂದೆ ಕೂತಿದ್ದಕ್ಕೇ ಈ ಕಾಯಿಲೆ. ಒಲೆ ಹತ್ರ ಬಿಡಬೇಡ ಅಂತ ನಾನು ಹೇಳ್ಬೇಕಾಗಿತ್ತು. ಹೇಳ್ಲಿಲ್ಲ."

ಮುನಿಗಂಗಪ್ಪನಿಗೆ ಸಿಡಿಲು ಬಡಿದಂತಾಯಿತು. ತನ್ನ ಕೈಯಾರೆ, ದಿನಾ, ಒಂದು ತಿಂಗಳಿಡೀ. ಹೆಂಡತಿಯ ಕಡೆ ತಿರುಗಿ, ಅಷ್ಟು ಕಷ್ಟವಾಗುತ್ತಿದ್ದರೆ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ.

ಅಕ್ಕಯ್ಯಮ್ಮನಿಗೆ ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಮೊದಲ್ನೇ ದಿನಾನೇ ಗೊತ್ತಾಯ್ತು, ಈ ಹೊಗೆ ನಂಗಾಗಲ್ಲ ಅಂತ. ಆದ್ರೆ ನೀನು ಕೆಲಸ ಬಿಟ್ಟು... ಎದುರುಗಡೆ ಕೂತು ಎಣಿಸ್ತಿದ್ದೆ. ಮದುವೆ ಆದಾಗಿಂದ... ಅಷ್ಟು ಹೊತ್ತು ನನ್ನ ಹತ್ರ ಕೂತೋನಲ್ಲ ನೀನು."

ಅವನು ಬೆಂಚಿನ ಮೇಲೆ ಅವಳ ಪಕ್ಕ ಕೂತ. ಕಾದಿದ್ದ ಜನ ಬಾಗಿಲಲ್ಲಿ ಇಣುಕತೊಡಗಿದರು. ಅವನು ಏಳಲಿಲ್ಲ, ಡಾಕ್ಟರೂ ಏಳು ಅನ್ನಲಿಲ್ಲ.