ಒಂಬತ್ತು ಬಗೆಯಲ್ಲಿ ಒಂದು ವಾಕ್ಯ

ಎಡಗಡೆಯ ಗೋಡೆಯಿಂದ ಬಂತು, ಆಮೇಲೆ ಬೆನ್ನ ಹಿಂದಿನಿಂದ, ಆಮೇಲೆ ಕುರ್ಚಿಯ ಅಡಿಯಿಂದಲೂ — ಮಾತು ಹೊರಡುವ ಮುಂಚಿನ ಆ ಸಣ್ಣ ಹ್ಞೂಂ, ಗಂಟಲಲ್ಲಿ ಒಮ್ಮೆ ಉರುಳಿ ಮೂಗಿನಲ್ಲಿ ಮುಗಿಯುವ ಹ್ಞೂಂ, ಅದು ಹೊನ್ನಯ್ಯನದೇ, ಇಪ್ಪತ್ತೆರಡು ವರ್ಷ ತಾಳಮದ್ದಳೆಯಲ್ಲಿ ಭಾಗವತರು ಪದ ಮುಗಿಸಿದ ಕೂಡಲೇ ಅರ್ಥ ಹೇಳಲು ಬಾಯಿ ತೆರೆಯುವ ಮೊದಲು ಹಾಕಿದ ಹ್ಞೂಂ, ಕುಂಜತ್ತೂರಿನಿಂದ ಮುಳ್ಳೇರಿಯದವರೆಗೆ ಯಾವ ಕೂಟದಲ್ಲಿ ಕಣ್ಣು ಮುಚ್ಚಿ ಕೂತವನೂ ಓ ಹೊನ್ನಯ್ಯ ಶುರು ಮಾಡಿದ ಎಂದು ಗುರುತು ಹಿಡಿಯುವಂಥದ್ದು, ಅದನ್ನೀಗ ಪರದೆಯ ಮೇಲೆ ಮುಖವೇ ಇಲ್ಲದ ಒಂದು ಯಂತ್ರ ಹಾಕುತ್ತಿದೆ, ಹಾಕಿ ಮಾತಾಡುತ್ತಿದೆ, ಅಪ್ಪಾ ಶುರು ಆಯ್ತು, ನೀವು ಶುರು, ಎಂದು ಪಕ್ಕದಲ್ಲಿ ಕೂತ ಮಗಳು ಮೊಣಕೈಯಲ್ಲಿ ತಿವಿಯುತ್ತಾಳೆ, ಒಂಬತ್ತನೇ ಕ್ಲಾಸಿನ ತೃಷಾ, ಮಡಿಲಲ್ಲಿ ಪಾಪ್‌ಕಾರ್ನ್, ಮುಖದ ಮೇಲೆ ಪರದೆಯ ನೀಲಿ ಬೆಳಕು, ಎಷ್ಟು ಸಂತೋಷ ಆ ಮುಖಕ್ಕೆ, ಮತ್ತು ಹೊನ್ನಯ್ಯ ಕತ್ತಲಲ್ಲಿ ತಲೆಯಾಡಿಸಿದ, ಹೌದು ಮಗಾ, ನಾನೇ. ಎರಡನೆಯ ಸಲದ ಸುಳ್ಳು. ಮೊದಲನೆಯದನ್ನು ಕಳೆದ ವಾರ ಹೇಳಿದ್ದು, ಊಟಕ್ಕೆ ಕೂತಾಗ, ಅಪ್ಪಾ ಕಣಜ ಸಿನೆಮಾದ ನಾಲ್ಕನೇ ಭಾಗಕ್ಕೆ ನೀವು ಮಾತಾಡಿ ಆಯ್ತಾ, ಟ್ರೇಲರಿನಲ್ಲಿ ಕೇಳಿದೆ, ಹೇಳ್ಲೇ ಇಲ್ಲ ನೀವು, ಎಂದಾಗ ಅನ್ನದ ತುತ್ತು ಕೈಯಲ್ಲೇ ನಿಂತು, ಹೌದು ಮಗಾ, ಆಯ್ತು, ಎಂದ. ಪ್ರೇಮಾವತಿ ಮಾತ್ರ ಸಾರಿನ ಸೌಟು ಹಿಡಿದು ಒಮ್ಮೆ ನೋಡಿದಳು, ಹೆಂಡತಿಗೆ ಗೊತ್ತಲ್ಲ, ಈ ಮನುಷ್ಯ ಸ್ಟುಡಿಯೋಕ್ಕೆ ಹೋಗಲೇ ಇಲ್ಲವೆಂದು. ಮಗಳು ಮರುದಿನ ಇಡೀ ಕ್ಲಾಸಿಗೆ ಸಾರಿ ಬಂದಿದ್ದಾಳೆ.

ಪರದೆಯಲ್ಲಿ ಮನುಷ್ಯರು ಮಲಗಿದ್ದಾರೆ, ಭತ್ತದ ಮೂಟೆ ಪೇರಿಸಿದ ಹಾಗೆ ಸಾಲು ಸಾಲು, ಎಲ್ಲರ ತಲೆಗೂ ಟೋಪಿ, ಟೋಪಿಯೊಳಗೆ ಬೇರೊಂದು ಊರು, ಅಲ್ಲಿ ಅವರು ಮದುವೆಯಾಗುತ್ತಾರೆ, ಮೀನು ಕೊಳ್ಳುತ್ತಾರೆ, ಬಸ್ಸು ತಪ್ಪಿಸಿಕೊಂಡು ಬೈಯುತ್ತಾರೆ, ಎಲ್ಲ ಕನಸು ಎಂದು ಗೊತ್ತೇ ಇಲ್ಲ, ಹೊರಗೆ ಯಂತ್ರಗಳದೇ ರಾಜ್ಯ, ಯಂತ್ರಗಳಿಗೆಲ್ಲ ದೊಡ್ಡದು ಒಡೆಯ. ಆ ಒಡೆಯನಿಗೆ ಕನ್ನಡದ ಬಾಯಿ ಕೊಟ್ಟವನು ಹೊನ್ನಯ್ಯ, ಹತ್ತು ವರ್ಷದಲ್ಲಿ ಮೂರು ಭಾಗ, ಬೆಳಗ್ಗೆಯೆಲ್ಲ ಆಟೋಕ್ಕೆ ಸ್ಪೀಕರ್ ಕಟ್ಟಿಕೊಂಡು ನಾಯ್ಮಾರ್ಮೂಲೆಯಲ್ಲಿ ಮಾನ್ಯರೇ ಮಹನೀಯರೇ ಎಂದು ಕನ್ನಡದಲ್ಲೊಮ್ಮೆ ಮಲಯಾಳದಲ್ಲೊಮ್ಮೆ ಅನೌನ್ಸ್‌ಮೆಂಟ್ ಮಾಡಿ, ಮಧ್ಯಾಹ್ನ ಬಸ್ಸಿನಲ್ಲಿ ತಲಪಾಡಿ ದಾಟಿ ಮಂಗಳೂರಿನ ಆ ಸ್ಟುಡಿಯೋದ ಗಾಜಿನ ಕೋಣೆಗೆ. ಅಲ್ಲಿಯವರು ಬರೆದು ಕೊಟ್ಟ ಮಾತೋ, ಅಕ್ಕಿಯೊಳಗಿನ ಕಲ್ಲು, ಮನುಕುಲವೇ ನಿನ್ನ ಸಮಯ ಮುಗಿದಿದೆ, ಯಾರು ಹಾಗೆ ಮಾತಾಡುತ್ತಾರೆ, ಹೊನ್ನಯ್ಯ ಹಾಳೆ ಮಡಚಿಟ್ಟು ತನ್ನ ಮಾತೇ ಹಾಕಿದ, ಕೌರವನಿಗೆ ಹಾಕುವ ಹಾಗೆ, ಮಕ್ಕಳೇ ನೀವು ಆಳಿ ನೋಡಿದಿರಲ್ಲ, ಈಗ ಮಲಗಿ, ಎಂದು, ಗಾಜಿನ ಆಚೆ ಡಬ್ಬಿಂಗ್ ನೋಡಿಕೊಳ್ಳುವ ಶಿವಪ್ರಸಾದ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದ, ಇದೇ ಇರ್ಲಿ ಹೊನ್ನಣ್ಣ, ಇದೇ ಇರ್ಲಿ. ಕೂಟದಲ್ಲಿ ಶ್ಯಾಮ, ಎದುರು ಪಾತ್ರಕ್ಕೆ ಕೂರುವ ಶ್ಯಾಮ, ಬಿಡುತ್ತಾನಾ, ಎಂತ ಮಾರಾಯ, ಯಂತ್ರದ ಅರ್ಥ ಹೇಳ್ಲಿಕ್ಕೆ ಹೋಗ್ತಿಯಂತೆ, ಭಾಗವತರು ಯಾರು, ಮಿಕ್ಸಿಯಾ ಗ್ರೈಂಡರಾ? ನಕ್ಕಿದ್ದರು ಎಲ್ಲರೂ, ಹೊನ್ನಯ್ಯನೂ. ನಗು, ಈಗ ನಗು. ಮುಂದಿನ ಸಾಲಿನ ಯಾವನೋ ಸೀಟಿ ಹೊಡೆದ, ಯಂತ್ರ ಒಂದು ಮಾತು ಎತ್ತಿ ಇಳಿಸಿದ್ದಕ್ಕೆ, ಹೊಡಿ ಸೀಟಿ, ಅದಕ್ಕೆ ಕಿವಿ ಉಂಟಾ, ನಿನ್ನ ಸೀಟಿ ಕೇಳಿ ಮುಂದಿನ ಮಾತನ್ನು ಒಂದು ಚೂರು ಏರಿಸುವ ಕೊಬ್ಬು ಉಂಟಾ ಅದಕ್ಕೆ, ಅರ್ಥಧಾರಿಗೆ ಉಂಟು, ಕಳ್ಳಮಾಲಿಗೆ ಎಲ್ಲಿಂದ ಬರಬೇಕು — ಕಳ್ಳಮಾಲು, ಆದರೆ ಕದ್ದದ್ದು ಹೇಗೆ, ಬಾಗಿಲು ಒಡೆದಾ, ಇಲ್ಲವಲ್ಲ, ಬಾಗಿಲು ತೆಗೆದು, ಬನ್ನಿ ಕೂತುಕೊಳ್ಳಿ, ಬೆಲ್ಲ ನೀರು ಕುಡಿಯಿರಿ ಎಂದು ಹೇಳಿ ಕೊಟ್ಟದ್ದಲ್ಲವಾ.

ಮೂರು ತಿಂಗಳ ಹಿಂದೆ ಶಿವಪ್ರಸಾದನ ಫೋನು. ಒಮ್ಮೆ ಬಂದು ಹೋಗಿ ಹೊನ್ನಣ್ಣ, ಹೊಸ ಮೈಕು ಬಂದುಂಟು, ಪರೀಕ್ಷೆ ಮಾಡ್ಲಿಕ್ಕೆ ನಿಮ್ಮ ಸ್ವರವೇ ಆಗ್ಬೇಕು. ನಿಮ್ಮ ಸ್ವರವೇ ಆಗಬೇಕಂತೆ, ಅಷ್ಟು ಸಾಕಾಯಿತು ಈ ಮಂಗನಿಗೆ, ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಇಂಗ್ಲಿಷಿನ ಒಂದು ಕಾಗದ, ಇದೆಂತ ಶಿವಣ್ಣ, ಎಂತದೂ ಇಲ್ಲ, ಮೈಕಿನದ್ದು, ಸಹಿ ಹಾಕಿ. ಹಾಕಿದ. ಆಮೇಲೆ ಮುನ್ನೂರು ವಾಕ್ಯದ ಪಟ್ಟಿ, ತಲೆ ಬುಡ ಇಲ್ಲದ್ದು, ನೀಲಿ ಕೊಡೆ ಮೂಲೆಯಲ್ಲಿದೆ, ಬಸ್ಸು ಹತ್ತು ನಿಮಿಷ ತಡ, ಆ ಮರದಲ್ಲಿ ಹಣ್ಣಿಲ್ಲ, ಸುಮ್ಮನೆ ಓದಿ ಹೊನ್ನಣ್ಣ, ಸಪ್ಪೆಯಾಗಿ ಓದಿದ್ರೆ ಸಾಕು ಎಂದಿದ್ದ ಶಿವಪ್ರಸಾದ, ಅವನು ಹೇಳಿದ್ದ, ಅದನ್ನು ಒಪ್ಪಲೇಬೇಕು, ಆದರೆ ತಾಳಮದ್ದಳೆಯವನಿಗೆ ಸಪ್ಪೆ ಎಂದರೆ ಬೈಗುಳ, ಅವನ ಕೈಗೆ ಚೀಟಿ ಕೊಟ್ಟರೂ ಭಾವ ಹಾಕದೆ ಓದುವವನಲ್ಲ, ಪದವೊಂದು ಸಿಕ್ಕಿದರೆ ಅರ್ಧ ಗಂಟೆ ಹಿಗ್ಗಿಸುವ ಜಾತಿ. ಹೊನ್ನಯ್ಯ ನೀಲಿ ಕೊಡೆಯನ್ನು ಸತ್ತ ತಾಯಿಯ ಕೊಡೆಯ ಹಾಗೆ ಓದಿದ, ಬಸ್ಸನ್ನು ವೀರದಲ್ಲಿ ತಂದು ನಿಲ್ಲಿಸಿದ, ಗಾಜಿನ ಆಚೆಯ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು, ಅವನಿಗೆ ಇನ್ನೂ ಏರಿತು. ಅಯ್ಯೋ ಹೊನ್ನಣ್ಣ, ಇದನ್ನೇ ಬೇರೆ ರೀತಿ ಹೇಳ್ಲಿಕ್ಕೆ ಆಗ್ತದಾ? ಆಗ್ತದಾ ಎಂದು ಕೇಳಿದ್ದು ಯಾರನ್ನು, ಒಂದು ಕೇಳಿದರೆ ಒಂಬತ್ತು ಕೊಡುವವನನ್ನು! ನಿದ್ದೆ ಮಾಡು, ನಾನು ಇಲ್ಲೇ ಇದ್ದೇನೆ — ಪಟ್ಟಿಯ ಕೆಳಗೆಲ್ಲೋ ಇದ್ದ ವಾಕ್ಯ, ಅದನ್ನು ಶೃಂಗಾರದಲ್ಲಿ ಹೇಳಿದ, ರೌದ್ರದಲ್ಲಿ, ಹಾಸ್ಯದಲ್ಲಿ, ಬೀಭತ್ಸದಲ್ಲಿ ಹೇಳಿದಾಗ ಒಬ್ಬಳು ಹೆದರಿಯೇ ಬಿಟ್ಟಳು, ಎಂಟು ಮುಗಿದು ಕರುಣ ಉಳಿಯಿತು, ಇದೊಂದು ಸರಿ ಬರಲಿ ಎಂದು ಹೊನ್ನಯ್ಯ ಕಣ್ಣು ಮುಚ್ಚಿದ, ಕಣ್ಣು ಮುಚ್ಚಿದರೆ ಒಂದು ಕೈ, ಆರು ವರ್ಷದ ಕೈ, ಹತ್ತಿ, ಹತ್ತಿಯ ಮೇಲೆ ಬಿಳಿ ಪ್ಲಾಸ್ಟರು, ಪ್ಲಾಸ್ಟರಿನ ಕೆಳಗೆ ಚರ್ಮದೊಳಗೆ ಉಬ್ಬಿದ ಸೂಜಿ. ಬೇಡ, ಅಲ್ಲಿಗೆ ಹೋಗುವುದು ಬೇಡ.

ಆಮೇಲೆ ಫೋನಿಲ್ಲ. ಟ್ರೇಲರ್ ಬಂತು, ಆ ಊಟ ಮುಗಿದ ಮೇಲೆ ತೃಷಾ ತೋರಿಸಿದಳು, ಇವನು ಅಂಗಳದ ಮೂಲೆಗೆ ಹೋಗಿ ಏನೂ ಗೊತ್ತಿಲ್ಲದವನ ಹಾಗೆ ಫೋನು ಮಾಡಿದ, ಶಿವಣ್ಣ, ಡಬ್ಬಿಂಗಿಗೆ ಯಾವಾಗ ಬರ್ಬೇಕು, ಓ ನೀವು ಬರ್ಬೇಕಂತ ಇಲ್ಲ ಹೊನ್ನಣ್ಣ, ಕೆಲಸ ಮುಗಿದಿದೆ. ಮುಗಿದಿದೆಯಾ, ಯಾರು ಮಾತಾಡಿದ್ದು? ನೀವೇ. ನಾನು ಮನೆಯಲ್ಲಿದ್ದೆ ಮಾರಾಯಾ! ಆ ಮುನ್ನೂರು ವಾಕ್ಯದಿಂದ ಕಂಪ್ಯೂಟರೇ ನಿಮ್ಮ ಸ್ವರ ಕಲಿತುಕೊಂಡಿತು ಹೊನ್ನಣ್ಣ, ನೀವು ಅಷ್ಟು ಚೆಂದ ಕೊಟ್ಟಿದ್ರಿ ಅಲ್ವಾ, ಬೇರೆಯವರದ್ದು ನೂರು ಸಲ ತಿದ್ದಿದ್ರೂ ಮರದ ಹಾಗೆ ಬರ್ತದೆ, ನಿಮ್ಮದು ಒಂದೇ ಸಲಕ್ಕೆ ಬಂತು, ಬೇಜಾರು ಮಾಡ್ಬೇಡಿ. ಬೇಜಾರು! ಬೇಜಾರು ಎಂಬುದು ಬಸ್ಸು ತಪ್ಪಿದಾಗ ಆಗುವಂಥದ್ದು. ನಾಲಗೆ ಕಿತ್ತವನು ಬೇಜಾರು ಮಾಡಬೇಡಿ ಎನ್ನುತ್ತಾನೆ, ಕಿತ್ತ ಗುರುತೂ ಇಲ್ಲ ನೋಡಿ, ಬಾಯಿ ತೆರೆದರೆ ನಾಲಗೆ ಅಲ್ಲೇ ಉಂಟು, ಯಾರ ಹತ್ತಿರ ತೋರಿಸಿ ನ್ಯಾಯ ಕೇಳುವುದು. ಶ್ಯಾಮನಾದರೆ ಎದುರು ಕೂರುತ್ತಾನೆ, ನನ್ನ ಮಾತಿಗೆ ಮಾತು ಕೊಡುತ್ತಾನೆ, ಸೋಲಿಸಬಹುದು ಅವನನ್ನು, ಸೋಲಬಹುದು. ಇದನ್ನು ಸೋಲಿಸುವುದು ಹೇಗೆ, ಎದುರಿನವನೂ ನಾನೇ. ನಾಚಿಕೆ ಇಲ್ಲದ್ದು ನನಗೆ, ಮಗಳಿಗೆ ಸುಳ್ಳು ಹೇಳಿದ್ದು ಯಾಕೆ, ಕದ್ದಿದ್ದಾರೆ ಮಗಾ ಎಂದರೆ ಏನಾಗುತ್ತಿತ್ತು, ಆಗುತ್ತಿತ್ತು, ಅಪ್ಪ ಬೇಡವಾದ ಎಂದು ಅವಳಿಗೆ ತಿಳಿಯುತ್ತಿತ್ತು, ಅದು. ಹೇಳಬೇಕು. ಈಗಲೇ, ಈ ಕತ್ತಲಲ್ಲೇ, ಮುಖ ಕಾಣದಿರುವಾಗಲೇ, ಮಗಾ ಅದು ನಾನಲ್ಲ, ಐದು ಶಬ್ದ ಕೂಡ ಇಲ್ಲ, ಮೂರು ಗಂಟೆ ಕರ್ಣನ ಅರ್ಥ ಹೇಳಿದವನಿಗೆ —

ಪರದೆಯಲ್ಲಿ ಒಂದು ಮಗು ಎಚ್ಚರಾಗಿದೆ. ಟೋಪಿ ಜಾರಿದೆ, ಸಾವಿರ ಸಾವಿರ ಮಲಗಿದವರ ನಡುವೆ ಅದೊಂದೇ ಎದ್ದು ಕೂತಿದೆ, ನಿಜವಾದ ಕತ್ತಲನ್ನು ನೋಡಿ ಅಳುತ್ತಿದೆ, ಒಡೆಯನ ಉದ್ದದ ಕಬ್ಬಿಣದ ತೋಳು ಮೆಲ್ಲಗೆ ಇಳಿದು ಟೋಪಿಯನ್ನು ಮತ್ತೆ ತಲೆಗೆ ಇಡುತ್ತದೆ, ಬೇಡ, ಹೊನ್ನಯ್ಯನಿಗೆ ಮೊದಲೇ ಗೊತ್ತಾಯಿತು, ಏನು ಬರುತ್ತದೆಂದು ಗೊತ್ತಾಗಿ ಕುರ್ಚಿಯ ಕೈ ಹಿಡಿದ, ಹ್ಞೂಂ, ನಿದ್ದೆ ಮಾಡು, ನಾನು ಇಲ್ಲೇ ಇದ್ದೇನೆ. ಒಂಬತ್ತನೆಯದು. ಇದ್ದೇನೆ ಎಂಬಲ್ಲಿ ಸ್ವರ ಒಂದು ಕೂದಲೆಳೆಯಷ್ಟು ಬಿರುಕು ಬಿಡುತ್ತದಲ್ಲ, ಅದೇ, ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ರಕ್ತದ ಕಣ ಇನ್ನೂ ಇಳಿದಿದೆ ಎಂದು ನರ್ಸ್ ಹೇಳಿ ಹೋದ ಮೇಲೆ, ಡೆಂಗಿಯ ಜ್ವರದಲ್ಲಿ ಆರು ವರ್ಷದ ತೃಷಾ ಅಪ್ಪಾ ನಾನು ಮಲಗಿದ್ರೆ ನೀವು ಹೋಗ್ತೀರಾ ಎಂದು ಕೇಳಿದಾಗ, ಬಿಟ್ಟ ಬಿರುಕು. ಥಿಯೇಟರಿನಲ್ಲಿ ಯಾರೋ ಮೂಗು ಒರೆಸುತ್ತಿದ್ದಾರೆ, ಯಂತ್ರಕ್ಕೆ ಅಳುತ್ತಿದ್ದಾರೆ ಈ ಜನ, ಏಳಿ, ಎಲ್ಲರೂ ಎದ್ದೇಳಿ, ಅದು ನನ್ನ ಮಗಳದ್ದು, ಅವಳೊಬ್ಬಳಿಗೆ ಹೇಳಿದ್ದು, ಇಳಿಸಿ ಆ ಪರದೆಯನ್ನು ಎಂದು ಕೂಗಲು ಉಸಿರು ಎಳೆದುಕೊಂಡ, ಆಗ ಪಕ್ಕದಿಂದ ಕೈಯೊಂದು ಬಂದು ಅವನ ಕೈಯ ಮೇಲೆ ಕೂತಿತು, ತೃಷಾ ಕಿವಿಯ ಹತ್ತಿರ ಬಾಗಿದ್ದಾಳೆ, ಕೆನ್ನೆ ಒದ್ದೆ, ಅಪ್ಪಾ, ಇದನ್ನು ಹೇಳುವಾಗ ನೀವು ಎಂತ ನೆನೆಸಿದ್ದು? ಮಗಾ ಅದು — ಬಾಯಿ ತೆರೆದ, ಹ್ಞೂಂ ಬಂತು, ಎಲ್ಲಿಂದ ಬಂತು, ತನ್ನ ಗಂಟಲಿಂದಲೋ ಎಡಗಡೆಯ ಗೋಡೆಯಿಂದಲೋ, ಅಲ್ಲಿ ಅದು ಮುಂದಿನ ಮಾತು ಶುರು ಮಾಡಿದೆ, ಇಲ್ಲಿ ಅವನು ಆ ಕೈ ಹಿಡಿದ, ಬೆರಳಿನ ಕೆಳಗೆ ಅವಳ ಮುಂಗೈ, ಮುಂಗೈಯಲ್ಲಿ ಎಳ್ಳಿನಷ್ಟು ಗಟ್ಟಿಯಾದ ಚುಕ್ಕೆ, ಎಂಟು ವರ್ಷವಾದರೂ ಹೋಗದ ಚುಕ್ಕೆ, ಹತ್ತಿ, ಹತ್ತಿಯ ಮೇಲೆ ಬಿಳಿ ಪ್ಲಾಸ್ಟರು, ಪ್ಲಾಸ್ಟರಿನ ಕೆಳಗೆ ಉಬ್ಬಿದ ಸೂಜಿ, ಸೂಜಿ,