ಮೊಣಕೈ ಪಕ್ಕೆಗೆ, ಗೆರೆ ಓರೆಗೆ

ಸಂಜೆ ಚಿತ್ರಶಾಲೆಯ ಮೇಷ್ಟರದು ಹತ್ತೊಂಬತ್ತು ವರ್ಷಗಳಿಂದ ಒಂದೇ ಮಂತ್ರ. ನೆರಳು ತುಂಬುವ ಗೆರೆ ಬಲಗಡೆಯ ಮೇಲಿನಿಂದ ಎಡಗಡೆಯ ಕೆಳಕ್ಕೆ ಓರೆಯಾಗಿ ಇಳಿಯಬೇಕು. ಮೂಗಾಗಲಿ, ಮೊಣಕಾಲಾಗಲಿ, ಎಳೆಮಗುವಿನ ಕೆನ್ನೆಯಾಗಲಿ, ಗೆರೆಯ ದಿಕ್ಕು ಬದಲಾಗಕೂಡದು. ಎಳೆಯುವಾಗ ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಿರಬೇಕು. ಹಲಗೆಯನ್ನು ಓರೆ ಮಾಡಿಕೊಂಡು ಬರೆಯುವುದು ಕಳ್ಳತನಕ್ಕೆ ಸಮ. ಈ ಪದ್ಧತಿಗೆ ಅವರು ‘ಏಕದಿಕ್ಕಿನ ಶಿಸ್ತು’ ಎಂದು ಹೆಸರಿಟ್ಟಿದ್ದರು. ಹೆಸರು ಸಿಕ್ಕ ಮೇಲೆ ಯಾವ ಮಾತೂ ಗಟ್ಟಿಯಾಗಿಬಿಡುತ್ತದೆ, ಯಾಕೆ ಏನು ಎಂದು ಕೇಳುವವರಿರುವುದಿಲ್ಲ.

ಶಿಷ್ಯರು ಗುರುವನ್ನು ಮೀರಿಸಿದ್ದರು. ವಿಮೆ ಕಚೇರಿಯ ಗುಮಾಸ್ತನೊಬ್ಬ ಮೊಣಕೈ ಜಾರದಿರಲೆಂದು ತನ್ನ ತೋಳನ್ನು ಬೆಲ್ಟಿನಿಂದ ಎದೆಗೆ ಸೇರಿಸಿ ಬಿಗಿದುಕೊಳ್ಳುತ್ತಿದ್ದ. ತರಗತಿ ಮುಗಿದಾಗ ಬೆರಳುಗಳು ನೀಲಿಗಟ್ಟಿರುತ್ತಿದ್ದವು. ಅವನೇ ತರಗತಿಗೆ ಮೊದಲಿಗ.

ಕೊನೆಯವಳು ಯಾರೆಂಬುದರಲ್ಲೂ ಅನುಮಾನವಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಆಸ್ಪತ್ರೆಯಲ್ಲಿ ಗಾಯಕ್ಕೆ ಬಟ್ಟೆಪಟ್ಟಿ ಸುತ್ತುವ ಕೆಲಸ ಮಾಡುತ್ತಿದ್ದ ಹೆಂಗಸು ಅವಳು. ತೋಳು ಬರೆದರೆ ಅವಳ ಗೆರೆ ತೋಳನ್ನು ಬಳಸಿಕೊಂಡು ಹೋಗುತ್ತಿತ್ತು. ಮೊಣಕಾಲಿಗೆ ಬಂದರೆ ಎಂಟರ ಆಕಾರದಲ್ಲಿ ಮೇಲೊಂದು ಸುತ್ತು, ಕೆಳಗೊಂದು ಸುತ್ತು. ಅವಳ ಚಿತ್ರಗಳಲ್ಲಿ ಎಲ್ಲರೂ ಅಪಘಾತದಿಂದ ಎದ್ದು ಬಂದವರಂತೆ ಕಾಣುತ್ತಾರೆಂದು ಗುಮಾಸ್ತ ಹೇಳಿದ ದಿನವೇ ಅವಳಿಗೆ ‘ಪಟ್ಟಿ ಅಕ್ಕ’ ಎಂಬ ಹೆಸರು ಬಿತ್ತು. ಅವಳೂ ನಕ್ಕಳು. ಮನೆಗೆ ಹೋಗಿ, ಅವನು ಹೇಳಿದ್ದು ನಿಜವೇ ಇರಬೇಕೆಂದು ಮೂರು ದಿನ ಕೊರಗಿದಳು.

ಅವಳು ಈ ವಯಸ್ಸಿನಲ್ಲಿ ಚಿತ್ರ ಕಲಿಯಲು ಬಂದದ್ದು ಶೋಕಿಗಲ್ಲ. ನಿಂತು ನಿಂತು ಅವಳ ಮಂಡಿಗಳು ಸವೆದಿದ್ದವು. ಮನೆಯಲ್ಲಿ ಕಟ್ಟು ಕಟ್ಟುವುದು ಹೇಗೆಂದು ರೋಗಿಗಳ ಕಡೆಯವರಿಗೆ ತೋರಿಸಲು ಗೋಡೆಗೆ ಚಿತ್ರಪಟಗಳು ಬೇಕು ಎಂದು ಆಸ್ಪತ್ರೆಯವರು ತೀರ್ಮಾನಿಸಿದ್ದರು. ಬರೆಯುವವರಿಗೆ ಒಂದು ಮೇಜು, ಒಂದು ಕುರ್ಚಿ. ಕುರ್ಚಿ! ಆ ಮಾತು ಕೇಳಿದಾಗಲೇ ಅವಳ ಮಂಡಿಗಳಿಗೆ ಜೀವ ಬಂದಂತಾಗಿತ್ತು. ಆದರೆ ಮೇಲ್ವಿಚಾರಕರಿಗೆ ಚಿತ್ರಶಾಲೆಯ ಪ್ರಮಾಣಪತ್ರ ಬೇಕಿತ್ತು. ಅದಕ್ಕೆ ಸಹಿ ಹಾಕುವವರು ಮೇಷ್ಟರು. ಗೆರೆ ಓರೆಯಾಗದೆ ಅವರ ಸಹಿ ಬೀಳುತ್ತಿರಲಿಲ್ಲ.

ಹಾಗಾಗಿ ಅವಳು ಮನೆಯಲ್ಲಿ ಓರೆಗೆರೆ ಅಭ್ಯಾಸ ಮಾಡಿದಳು. ಮಲಗಿದ್ದ ಅತ್ತೆಯನ್ನೇ ಬರೆದಳು. ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ದೂರ ಹಿಡಿದು ನೋಡಿದರು.

“ನನ್ನನ್ನ ಯಾಕೆ ಮಳೇಲಿ ಮಲಗಿಸಿದೀಯ?”

“ಮಳೆ ಅಲ್ಲ ಅತ್ತೆ, ಶಿಸ್ತು.”

“ಹಾಗಾದ್ರೆ ಶಿಸ್ತಲ್ಲಿ ನೆನೆದು ನೆಗಡಿ ಆಗತ್ತೆ, ತಗೊಂಡ್ಹೋಗು.”

ಪರೀಕ್ಷೆಯ ದಿನ ಮಾದರಿಯಾಗಿ ಕುಳಿತವನು ಸಂತೆಪೇಟೆಯ ಹಮಾಲಿ. ಚಡ್ಡಿಯೊಂದನ್ನು ಬಿಟ್ಟು ಮೈಮೇಲೆ ಬೇರೇನಿಲ್ಲ, ಒಂದು ಕಾಲು ಮಡಿಸಿ ಎತ್ತರದ ಪೆಟ್ಟಿಗೆಯ ಮೇಲೆ ಕೂತಿದ್ದ. ಅವಳಿಗೆ ಅವನ ಮುಖ ನೆನಪಿರಲಿಲ್ಲ, ಎಡ ಮೊಣಕಾಲು ನೋಡಿದ ಕೂಡಲೇ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ಅದಕ್ಕೆ ಆರು ವಾರ ಪಟ್ಟಿ ಸುತ್ತಿದವಳು ಅವಳೇ. ಅವನೂ ಗುರುತು ಹಿಡಿದು ಹುಬ್ಬು ಹಾರಿಸಿದ.

ಮೊದಲ ಒಂದು ಗಂಟೆ ಅವಳು ಪ್ರಾಮಾಣಿಕವಾಗಿ ಸುಳ್ಳು ಬರೆದಳು. ಮೊಣಕೈ ಪಕ್ಕೆಗೆ, ಗೆರೆ ಓರೆಗೆ. ಎದೆ, ತೋಳು, ಹೊಟ್ಟೆ ಎಲ್ಲ ಮುಗಿಯಿತು. ಮೀನಖಂಡದ ಮೇಲೂ ಓರೆಗೆರೆ ಎಳೆದು ಹಿಂದೆ ಸರಿದು ನೋಡಿದರೆ, ಜೀವಮಾನವಿಡೀ ಮೂಟೆ ಹೊತ್ತ ಕಾಲು ಗೋಡೆಗೆ ಒರಗಿಸಿಟ್ಟ ಹಲಗೆಯಂತಿತ್ತು. ಅವನ ಕಾಲಿಗೆ ಅವಮಾನ ಮಾಡಿದೆನೆಂದು ಅವಳಿಗೆ ಅನ್ನಿಸಿತು. ಕುರ್ಚಿ ನೆನಪಾಯಿತು. ಮತ್ತೆ ಹಮಾಲಿಯ ಮಂಡಿ ನೋಡಿದಳು. ಆಮೇಲೆ ರಬ್ಬರು ತೆಗೆದುಕೊಂಡು ಕಾಲನ್ನು ಪೂರ್ತಿ ಅಳಿಸಿದಳು.

ಈಗ ಕೈ ತಾನಾಗಿ ನಡೆಯಿತು. ಮೀನಖಂಡದ ಉಬ್ಬಿನ ಮೇಲೆ ಗೆರೆ ಏರಿತು, ಹಿಂದಕ್ಕೆ ಮರೆಯಾಗುವಲ್ಲಿ ಬಾಗಿ ಒತ್ತೊತ್ತಾಯಿತು, ಮಂಡಿಚಿಪ್ಪಿನ ಮೇಲೆ ತೆಳುವಾಗಿ ಹರಡಿ ಅದರ ಕೆಳಗೆ ಮಡಿಸಿಕೊಂಡಿತು. ಕಾಲು ದುಂಡಗೆ ಎದ್ದು ಕೂತಿತು. ಸೊಂಟದಿಂದ ಮೇಲೆ ಮಳೆ, ಕೆಳಗೆ ಮನುಷ್ಯ.

ಮೇಷ್ಟರು ಬಂದು ಬೆನ್ನ ಹಿಂದೆ ನಿಂತರು. ತಿದ್ದುವುದೆಂದರೆ ಅವರು ಶಿಷ್ಯರ ಪೆನ್ಸಿಲನ್ನೇ ಕಸಿದು ಮೇಲೆ ಬರೆಯುವವರು. ಅವಳ ಪೆನ್ಸಿಲು ಕಸಿದರು. ಆದರೆ ಅವಳ ಹಲಗೆ ಎತ್ತರದಲ್ಲಿತ್ತು. ಮಂಡಿನೋವಿನಿಂದ ಬಗ್ಗಲಾರದವಳು ಅದನ್ನು ಮೇಲಿನ ಗೂಟಕ್ಕೆ ಏರಿಸಿದ್ದಳು. ಮೇಷ್ಟರ ಬಲಗೈ ಎದೆಯ ಮಟ್ಟಕ್ಕೆ ಹೋಗಿ ನಿಂತಿತು. ಹೆಗಲು ಕಿವಿಯ ಕಡೆ ಜಗ್ಗಿತು, ಸೊಂಟ ವಾಲಿತು, ತೋಳು ಮಾತ್ರ ಬೆರಳಗಲ ಮೇಲೇರಲಿಲ್ಲ. ಅವರು ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿದು ಎರಡು ಓರೆಗೆರೆ ಎಳೆದರು. ಅವು ನಡುಗಿದವು.

ಅವಳು ಇಂಥ ಹೆಗಲುಗಳನ್ನು ನೂರಾರು ಕಂಡಿದ್ದಳು. ಅಂಗಿ ತೊಡಲಾರದ, ತಲೆ ಬಾಚಲಾರದ, ಹೊರಕ್ಕೆ ತಿರುಗದ ಹೆಗಲು. ಮೊಣಕೈ ಪಕ್ಕೆಗೆ ಅಂಟಿಯೇ ಇರುವ ಹೆಗಲು. ಆ ತೋಳಿಗೆ ಸಾಧ್ಯವಿರುವ ಗೆರೆ ಒಂದೇ. ಅವಳು ತರಗತಿಯತ್ತ ತಿರುಗಿದಳು. ಹದಿನಾಲ್ಕು ಮಂದಿ, ಹದಿನಾಲ್ಕು ಆರೋಗ್ಯವಂತ ಹೆಗಲು, ಹದಿನಾಲ್ಕು ಮೊಣಕೈ ಪಕ್ಕೆಗೆ. ಒಂದಕ್ಕೆ ಬೆಲ್ಟು ಬೇರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇಲ್ಲಿ ಒಂದು ಶಾಲೆಯೇ ನೆಲವನ್ನು ಡೊಂಕು ಮಾಡಿಕೊಂಡು ಕುಣಿಯುತ್ತಿತ್ತು.

ಅವಳು ದನಿ ತಗ್ಗಿಸಿ ಕೇಳಿದಳು. “ಮೇಷ್ಟ್ರೇ, ಕೈ ಮೇಲೆ ಹೋಗದೆ ಎಷ್ಟು ವರ್ಷ ಆಯ್ತು?”

“ಯಾವ ಕೈ?”

“ಗೆರೆ ಎಳೆಯೋ ಕೈ.”

ಮೇಷ್ಟರು ಪೆನ್ಸಿಲನ್ನು ಅವಳ ಅಂಗೈಗೆ ವಾಪಸಿಟ್ಟರು. ಸೋಮವಾರ ಬಂದು ಕಾಣು ಎಂದರು.

ಭಾನುವಾರವಿಡೀ ಅವಳು ತನ್ನನ್ನು ತಾನೇ ಬೈದುಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಸಿಗುತ್ತಿತ್ತು. ಹಿರಿಯರನ್ನು ಹಾಗೆ ಕೇಳಬಹುದೇ? ಅತ್ತೆ ಮಾತ್ರ, ನೋಯ್ತಿರೋರನ್ನ ಎಲ್ಲಿ ನೋವು ಅಂತ ಕೇಳಿದ್ರೆ ತಪ್ಪೇನೇ, ಎಂದು ಮಗ್ಗುಲು ಬದಲಿಸಿದರು.

ಸೋಮವಾರ ಮೇಷ್ಟರು ಕಬ್ಬಿಣದ ಬೀರುವಿನಿಂದ ಒಂದು ಹಳೆಯ ಹಾಳೆ ತೆಗೆದು ಮೇಜಿನ ಮೇಲೆ ಹಾಸಿದರು. ಬೆನ್ನು ತೋರಿಸಿ ಕುಳಿತ ಹೆಂಗಸು. ಗೆರೆಗಳು ಬೆನ್ನಿನ ಹಳ್ಳಕ್ಕೆ ಇಳಿದು ಹೆಗಲಿನ ಮೇಲೆ ಹೊರಳಿ ಪಕ್ಕೆಯನ್ನು ಬಳಸಿ ಹೋಗಿದ್ದವು. ಪಟ್ಟಿ ಅಕ್ಕನ ಗೆರೆಗಳಿಗಿಂತ ಹತ್ತು ಪಾಲು ಚೆನ್ನಾಗಿದ್ದವು. ಕೆಳಗೆ ಮೇಷ್ಟರ ಸಹಿ, ಇಪ್ಪತ್ತು ವರ್ಷದ ಹಿಂದಿನ ತಾರೀಖು. ಅದಾದ ಮರುವರ್ಷ ಏಣಿಯಿಂದ ಬಿದ್ದಿದ್ದರಂತೆ. ಆಗ ತರಗತಿಯಲ್ಲಿ ಯಾರೋ, ಈ ಹೊಸ ಶೈಲಿ ಏನು ಸರ್, ಎಂದು ಭಕ್ತಿಯಿಂದ ಕೇಳಿದ್ದರಂತೆ. ಅಷ್ಟು ಭಕ್ತಿಗೆ ಇದು ಶೈಲಿಯಲ್ಲ, ಹೆಗಲುನೋವು ಎನ್ನಲು ಮನಸ್ಸಾಗಲಿಲ್ಲವಂತೆ.

“ಈಗ ಹೇಳಿಬಿಡಬಹುದಲ್ಲ?” ಎಂದಳು.

“ಹೇಗಮ್ಮ ಹೇಳೋದು? ನನ್ನ ಶಿಷ್ಯರಲ್ಲಿ ಮೂವರು ಬೇರೆ ಕಡೆ ಮೇಷ್ಟ್ರಾಗಿದಾರೆ. ಒಬ್ಬ ಇದರ ಮೇಲೆ ಪುಸ್ತಕ ಬರೆದಿದಾನೆ.”

ಅವಳಿಗೆ ನಗು ಬಂತು, ತಡೆದುಕೊಂಡಳು. ಪ್ರಮಾಣಪತ್ರ ಕೇಳಲು ಬಾಯಿ ಬರಲಿಲ್ಲ; ಕೇಳಿದರೆ ಬೆದರಿಸಿದಂತಾಗುತ್ತದೆಂದು ಹೆದರಿದಳು. ಅದರ ಬದಲು ಅವರನ್ನು ಗೋಡೆಯ ಮುಂದೆ ನಿಲ್ಲಿಸಿದಳು. ಎರಡು ಬೆರಳನ್ನು ಇರುವೆಯಂತೆ ಗೋಡೆಯ ಮೇಲೆ ಹತ್ತಿಸಿ, ನಿಂತ ಕಡೆ ಪೆನ್ಸಿಲಿನಿಂದ ಗುರುತು ಹಾಕಬೇಕು, ನಾಳೆ ಅದಕ್ಕಿಂತ ಒಂದು ನೂಲಿನಷ್ಟು ಮೇಲೆ. ಹಳೆಯ ಹೆಗಲು, ಪೂರ್ತಿ ಬಿಡದಿದ್ದರೂ ಸ್ವಲ್ಪ ಬಿಟ್ಟೀತು ಎಂದಳು. ಮೇಷ್ಟರು ಹಲ್ಲು ಕಚ್ಚಿಕೊಂಡು ಗೋಡೆ ಹತ್ತಿದರು.

ಆರು ವಾರದ ಮೇಲೆ ಫಲಿತಾಂಶ ಬಂತು. ಪ್ರಮಾಣಪತ್ರ ತೆಗೆದುಕೊಳ್ಳಲು ಹೋದಾಗ ಮೇಷ್ಟರು ಕೋಣೆಯಲ್ಲಿರಲಿಲ್ಲ. ಲಕೋಟೆಯನ್ನು ಜವಾನನ ಕೈಯಲ್ಲಿ ಕೊಟ್ಟಿದ್ದರು. ತೆರೆದು ನೋಡಿದಳು. ಉತ್ತೀರ್ಣ, ಮೂರನೆಯ ದರ್ಜೆ. ಷರಾ: ‘ಗೆರೆಗಳಲ್ಲಿ ಶಿಸ್ತಿನ ಕೊರತೆ.’ ಮೊದಲ ದರ್ಜೆ ಬೆಲ್ಟಿನ ಗುಮಾಸ್ತನಿಗೆ. ಒಂದು ಕ್ಷಣ ಮೈ ಉರಿಯಿತು. ಆಮೇಲೆ ಕೆಳಗಿನ ಸಹಿ ಕಣ್ಣಿಗೆ ಬಿತ್ತು. ಹತ್ತೊಂಬತ್ತು ವರ್ಷ ಓರೆಯಾಗಿ ಇಳಿಯುತ್ತಿದ್ದ ಸಹಿಯ ಕೊನೆಯ ಬಾಲ ಮೇಲಕ್ಕೆ ಹೋಗಿ ದುಂಡಗೆ ಒಂದು ಸುತ್ತು ಹಾಕಿತ್ತು.

ಆಸ್ಪತ್ರೆಯ ಮೇಲ್ವಿಚಾರಕರು ದರ್ಜೆ ನೋಡುವವರಲ್ಲ, ಮೊಹರು ನೋಡುವವರು. ಕುರ್ಚಿ ಸಿಕ್ಕ ಹಾಗೆಯೇ. ಮಂಡಿಗಳಿಗೆ ಆ ಸುದ್ದಿ ಮುಟ್ಟಿಸುತ್ತ ಅವಳು ತರಗತಿಯ ಬಾಗಿಲ ಮುಂದೆ ಹಾದಳು, ಹಾದವಳು ನಿಂತಳು.

ಒಳಗೆ ಹೊಸ ಸಾಲಿನ ಶಿಷ್ಯರೆಲ್ಲ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಮುಂದೆ ಮೇಷ್ಟರು, ಎರಡು ಬೆರಳು ಗೋಡೆ ಹತ್ತಿಸುತ್ತಿದ್ದರು. ಅವರನ್ನು ನೋಡಿ ಶಿಷ್ಯರೂ ಹತ್ತಿಸುತ್ತಿದ್ದರು, ಉಸಿರು ಬಿಗಿಹಿಡಿದು. ಆರೋಗ್ಯವಾಗಿದ್ದ ಹೆಗಲುಗಳನ್ನು ಮೇಷ್ಟರ ಗುರುತಿಗಿಂತ ಮೇಲೆ ಹೋಗದಂತೆ ತಡೆಹಿಡಿದಿದ್ದರು. ಈ ವರ್ಷವೂ ಬಂದಿದ್ದ ಗುಮಾಸ್ತ ಪಕ್ಕದವನಿಗೆ ಪಿಸುಗುಟ್ಟುತ್ತಿದ್ದ.

“ಹಲ್ಲು ಕಚ್ಚಿಕೊ. ಮೇಷ್ಟ್ರು ಕಚ್ಚಿದಾರೆ ನೋಡು.”