ಒಂಬತ್ತು ನಾಣ್ಯ, ಒಂದು ಕಿವಿ

ನಮ್ಮ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹರಾಜು ಅಂದರೆ ಪ್ರಾಣ. ಕೀ ಇಲ್ಲದ ಬೀಗ, ಬೀಗವಿಲ್ಲದ ಕೀಗೊಂಚಲು, ಒಂದೇ ಗಾಜಿನ ದುರ್ಬೀನು, ಯಾರದೋ ಮದುವೆಯ ಫೋಟೋ ಆಲ್ಬಂ, ಹೀಗೆ ಲೋಕಕ್ಕೆ ಬೇಡವಾದದ್ದೆಲ್ಲ ಅವರ ಮನೆಯಲ್ಲಿ ಬೀಡುಬಿಟ್ಟಿದೆ. ಮಂಗಳವಾರ ಬೆಳಿಗ್ಗೆ ಅಂಗಡಿಗೆ ಬಂದವರು ಹೊಲಿಗೆ ಸಾಮಾನಿನ ಹಳೆಯ ಪೆಟ್ಟಿಗೆಯೊಂದನ್ನು ನನ್ನ ಮುಂದೆ ಇಟ್ಟರು.

"ಒಂಬತ್ತು ನಾಣ್ಯ ಇವೆ ಕಣೇ. ಚೀಟಿ ಓದು."

ಹರಾಜಿನವರ ಚೀಟಿಯಲ್ಲಿ 'ಚಿನ್ನದ ನಾಣ್ಯ ಹಾಗೂ ನಾಣ್ಯದ ನಕಲುಗಳು, ಇದ್ದ ಹಾಗೆ, ಆಮೇಲೆ ತಕರಾರು ನಡೆಯುವುದಿಲ್ಲ' ಎಂದಿತ್ತು. ಎಷ್ಟು ನಾಣ್ಯ, ಎಷ್ಟು ನಕಲು ಎನ್ನುವುದನ್ನು ಮಾತ್ರ ಜಾಣತನದಿಂದ ನುಂಗಿಕೊಂಡಿದ್ದರು. ಒಂಬತ್ತರಲ್ಲೂ ಒಂದು ಕಡೆ ಹಾಯಿ ಬಿಚ್ಚಿದ ಹಡಗು, ಇನ್ನೊಂದು ಕಡೆ ತೆನೆಯ ಕಟ್ಟು.

"ಎಲ್ಲಾನೂ ನಕಲಾದ್ರೆ ಏನ್ ಮಾಡ್ತೀರಿ ಅತ್ತೆ?"

"ಆಗ್ಲಿ ಬಿಡು. ಯಾವುದು ಯಾವುದು ಅಂತ ಗೊತ್ತಾದ್ರೆ ಸಾಕು. ತಲೆ ತಿಂತಾ ಇದೆ ಎರಡು ದಿನದಿಂದ."

ಅತ್ತೆಯ ಈ ರೋಗ ನನಗೂ ಇದೆ. ಅದಕ್ಕೇ ನಮಗಿಬ್ಬರಿಗೂ ಸರಿಹೋಗುತ್ತದೆ.

ನಮ್ಮದು ಚಿನ್ನ ಮಾರುವ ಅಂಗಡಿಯಲ್ಲ, ಚಿನ್ನ ಹೌದೋ ಅಲ್ಲವೋ ಹೇಳುವ ಅಂಗಡಿ. ಬೀದಿಗೆ ತೆರೆದ ಕಟ್ಟೆಯಲ್ಲಿ ನಾನು ಕೂತು ವಸ್ತು ಪಡೆದು ಚೀಟಿ ಬರೆಯುತ್ತೇನೆ. ಒಳಕೋಣೆಯಲ್ಲಿ ಅಪ್ಪ ಕೂರುತ್ತಾರೆ. ಬೀದಿಯ ಜನ ಅವರನ್ನು ಕಿವಿ ಮೇಸ್ತ್ರಿ ಅನ್ನುತ್ತಾರೆ. ನಾಣ್ಯವನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ, ಸಣ್ಣ ಮರದ ಕಡ್ಡಿಯಿಂದ ಅದರ ಅಂಚನ್ನು ತಟ್ಟಿ, ಬರುವ ದನಿಯಿಂದಲೇ ಅಸಲಿಯೋ ನಕಲಿಯೋ ಹೇಳುವುದು ಅವರ ವಿದ್ಯೆ. ಅಸಲಿಯಾದರೆ ತೆಳ್ಳಗೆ, ಎಳೆದ ತಂತಿಯ ಹಾಗೆ ಹಾಡುತ್ತದೆ. ನಕಲು ಟಕ್ ಎಂದು ಅಲ್ಲೇ ಬಾಯಿ ಮುಚ್ಚುತ್ತದೆ. ಅದಕ್ಕೆ ಅಪ್ಪ ಒಂದೇ ಮಾತು ಹೇಳುತ್ತಾರೆ: "ಸತ್ತಿದೆ."

ಸತ್ತ ನಾಣ್ಯ ನಮ್ಮ ಅಂಗಡಿಯಿಂದ ಇಡಿಯಾಗಿ ಹೊರಗೆ ಹೋಗುವುದಿಲ್ಲ. ಅದನ್ನು ಗಿರಾಕಿಯ ಕಣ್ಣೆದುರೇ ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಉಳಿಯಿಂದ ಎರಡು ಹೋಳು ಮಾಡುತ್ತಾರೆ. ಒಂದು ಹೋಳು ಗಿರಾಕಿಗೆ, ಇನ್ನೊಂದು ಹೆಸರು, ತಾರೀಕು ಬರೆದ ಚೀಟಿಯಲ್ಲಿ ಸುತ್ತಿ ನಮ್ಮ ಡಬ್ಬಿಗೆ. ಇನ್ಯಾರೂ ಅದರಿಂದ ಮೋಸಹೋಗಬಾರದು ಎಂದು ಅಜ್ಜನ ಕಾಲದಲ್ಲಿ ಮಾಡಿಕೊಂಡ ಕಟ್ಟುಪಾಡು. ಇನ್ನೊಂದು ಕಟ್ಟುಪಾಡೂ ಇದೆ. ಕಿವಿ ಸತ್ತಿದೆ ಎಂದಮೇಲೆ ತಕ್ಕಡಿ ಹೊರಗೆ ತೆಗೆಯುವ ಹಾಗಿಲ್ಲ. ತೆಗೆದರೆ ಕಿವಿಗೆ ಅವಮಾನ.

ಬೇರೆ ದಿನವಾಗಿದ್ದರೆ ನಾನು ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಅತ್ತೆ ಕೈಹಿಡಿದು ಎಳೆದದ್ದರಿಂದ ಒಳಗೆ ಹೋಗಿ ನಿಂತೆ.

ಅಪ್ಪ ಮೊದಲನೆಯದನ್ನು ತಟ್ಟಿದರು. "ಸತ್ತಿದೆ." ಎರಡನೆಯದು. "ಸತ್ತಿದೆ." ಎರಡೂ ಟಕ್ ಎಂದದ್ದು ನನಗೂ ಕೇಳಿತು. ಮೂರನೆಯದನ್ನು ತಟ್ಟಿದಾಗ ತೆಳ್ಳನೆಯ ದನಿಯೊಂದು ಎದ್ದು, ಕೋಣೆಯಲ್ಲೆಲ್ಲ ಸುಳಿದು, ನಿಧಾನವಾಗಿ ಇಳಿಯಿತು.

"ಸತ್ತಿದೆ," ಅಂದರು ಅಪ್ಪ.

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು. ನನ್ನ ಕಿವಿಯಲ್ಲೇ ಏನೋ ಐಬಿದೆ ಅಂದುಕೊಂಡೆ. ನಲವತ್ತು ವರ್ಷ ತಪ್ಪದ ಕಿವಿಯ ಮುಂದೆ ಚೀಟಿ ಬರೆಯುವವಳ ಕಿವಿ ಯಾವ ಲೆಕ್ಕ? ಆರನೆಯದೂ ಹಾಡಿತು, ಎಂಟನೆಯದೂ ಹಾಡಿತು. ಅಪ್ಪ ಒಂಬತ್ತಕ್ಕೂ ಒಂದೇ ತೀರ್ಪು ಕೊಟ್ಟು ಉಳಿಗೆ ಕೈಹಾಕಿದರು.

"ಅಪ್ಪ, ಊಟ ಆರ್ತಾ ಇದೆ. ಉಂಡು ಬಂದು ಕತ್ತರಿಸಿ," ಅಂದೆ.

"ಆಂ?"

"ಊಟ!" ಎಂದು ಕೈಯನ್ನು ಬಾಯಿಗೆ ತೋರಿಸಿದೆ. ಗೊಣಗುತ್ತ ಮಹಡಿ ಹತ್ತಿದರು.

ಅವರ ಹೆಜ್ಜೆ ಮೇಲೆ ಮುಟ್ಟಿದ್ದೇ ತಡ, ನಾನು ಭೂತಗನ್ನಡಿ ತೆಗೆದೆ. ಆರು ನಾಣ್ಯಗಳ ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಸಣ್ಣ ಗೆರೆಯಿತ್ತು. ಹಡಗಿನ ಹಗ್ಗಗಳು ಬಳಸಿದ ಸೋಪಿನ ಮೇಲಿನ ಅಕ್ಷರದಂತೆ ಮಂಕಾಗಿದ್ದವು. ಉಳಿದ ಮೂರರಲ್ಲಿ ಗೆರೆ ಇಲ್ಲ, ಹಗ್ಗಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹಾಡಿದ್ದವೂ ಇವೇ ಮೂರು.

"ತೂಕ ಹಾಕೇ," ಅತ್ತೆ ಪಿಸುಗುಟ್ಟಿದರು.

ತಕ್ಕಡಿ ತೆಗೆದೆ. ಮೂರೂ ಎಂಟೆಂಟು ಗ್ರಾಂ. ಆಮೇಲೆ ಒಂದನ್ನು ದಾರದಲ್ಲಿ ಕಟ್ಟಿ ನೀರಿನ ಲೋಟದೊಳಗೆ ಇಳಿಬಿಟ್ಟು ತೂಗಿದೆ. ನೀರಲ್ಲಿ ಎಲ್ಲ ಲೋಹವೂ ಹಗುರಾಗುತ್ತದೆ, ಹಿತ್ತಾಳೆ ಹೆಚ್ಚು, ಚಿನ್ನ ತೀರ ಕಡಿಮೆ. ಎಂಟು ಗ್ರಾಮಿನಲ್ಲಿ ಅರ್ಧ ಗ್ರಾಮೂ ಇಳಿಯಲಿಲ್ಲ. ಉಳಿದೆರಡೂ ಹಾಗೆಯೇ.

"ಚಿನ್ನ!" ಎಂದು ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮರುಕ್ಷಣವೇ ಅವರ ನಗು ಇಳಿಯಿತು. "ಹಾಗಾದ್ರೆ ಅಣ್ಣನಿಗೆ…"

"ಬಿಡ್ತು ಅನ್ನಿ ಅತ್ತೆ."

ಆದರೆ ನನ್ನ ತಲೆಯೊಳಗೂ ಅದೇ ಕೊರೆಯುತ್ತಿತ್ತು. ಅಪ್ಪನಿಗೆ ಇನ್ನೇನು ಹೋದರೂ ನಡೆದೀತು, ಕಿವಿ ಹೋದರೆ ಆ ಕುರ್ಚಿಯಲ್ಲಿ ಅವರು ಯಾರಾಗಿ ಕೂರಬೇಕು? ಇವತ್ತು ಶೀತವಿರಬಹುದು. ಇವು ಮಾತ್ರ ವಿಚಿತ್ರ ನಾಣ್ಯಗಳಿರಬಹುದು. ಅನುಮಾನ ಬಗೆಹರಿಯಲು ಒಂದೇ ದಾರಿಯಿತ್ತು. ಅಜ್ಜನ ಮಾದರಿ ನಾಣ್ಯವನ್ನು ಮೇಜಿನ ಒಳಗಿಂದ ತೆಗೆದೆ. ಅದೂ ಇದೇ ಹಡಗು, ಇದೇ ತೆನೆಕಟ್ಟಿನ ಅಸಲಿ ನಾಣ್ಯ. ಎಂಟನೇ ವಯಸ್ಸಿನಲ್ಲಿ ಅಪ್ಪ ಕಿವಿ ಪಳಗಿಸಿಕೊಂಡದ್ದು ಅದರ ಮೇಲೆ. ಅದರ ಅಂಚಿನಲ್ಲಿ ಅಜ್ಜ ಹಾಕಿದ ಸೂಜಿಮೊನೆಯಷ್ಟು ಚುಕ್ಕೆಯಿದೆ. ಒಂದು ನಕಲನ್ನು ತೆಗೆದು ಇದನ್ನು ಆ ಜಾಗದಲ್ಲಿಟ್ಟೆ. ಇದನ್ನು ಅಪ್ಪ ಗುರುತಿಸಲಿ, ನನಗೆ ನಾಲ್ಕು ಬೈಯಲಿ ಎಂದು ಮನಸಾರೆ ಬೇಡಿಕೊಂಡೆ.

ಅಪ್ಪ ಕೈ ಒರೆಸಿಕೊಳ್ಳುತ್ತ ಇಳಿದು ಬಂದರು.

"ಅಣ್ಣ, ಕತ್ತರಿಸೋ ಮುಂಚೆ ಇನ್ನೊಂದ್ಸಲ ಬಾರಿಸಿಬಿಡು," ಅತ್ತೆ ಜೋರಾಗಿ ಅಂದರು.

"ಸತ್ತದ್ದು ಮಧ್ಯಾಹ್ನ ಎದ್ದು ಕೂರುತ್ತೇನೇ?" ಅಂದರೂ ತಂಗಿಯ ಮಾತಿಗೆ ಕಡ್ಡಿ ಎತ್ತಿಕೊಂಡರು. ಎರಡು ತಟ್ಟಿದರು. ಮೂರನೆಯದಾಗಿ ಮಾದರಿ ನಾಣ್ಯ ಅವರ ಬೆರಳ ಮೇಲೆ ಬಂತು. ತಟ್ಟಿದರು. ಕೋಣೆಯ ಮೂಲೆಮೂಲೆಗೂ ಕೇಳುವಂತೆ ಅದು ಹಾಡಿತು.

"ಸತ್ತಿದೆ. ಸಾಕಾ?"

ಆ ಹಟದಲ್ಲೇ ಅದನ್ನು ಅಡಿಗಲ್ಲಿನ ಮೇಲಿಟ್ಟು, ಉಳಿ ನಿಲ್ಲಿಸಿ, ಸುತ್ತಿಗೆ ಎತ್ತಿದರು.

"ಅಪ್ಪಾ, ಬೇಡ!" ಎಂದು ನಾನು ನಾಣ್ಯದ ಮೇಲೆ ಕೈಯಿಟ್ಟುಬಿಟ್ಟೆ.

ಸುತ್ತಿಗೆ ಗಾಳಿಯಲ್ಲೇ ನಿಂತಿತು. ನನ್ನ ಕೈ ಸರಿಸಿ ಅಪ್ಪ ನಾಣ್ಯ ತೆಗೆದುಕೊಂಡರು. ಹೆಬ್ಬೆರಳು ಅಂಚಿನ ಮೇಲೆ ಒಂದು ಸುತ್ತು ಹೋಗಿ, ಚುಕ್ಕೆಯ ಬಳಿ ನಿಂತುಬಿಟ್ಟಿತು. ಇಲಿಗೆ ಬೋನು ಇಟ್ಟ ಹಾಗೆ ಹೆತ್ತಪ್ಪನಿಗೆ ಇಟ್ಟೆನಲ್ಲ ಎಂದು ನಾಚಿಕೆಯಿಂದ ನನ್ನ ಮುಖ ಉರಿಯಿತು.

"ನೀನೇ ಇಟ್ಯಾ?"

"ಹೂಂ."

"ಬಾರಿಸು." ನಾಣ್ಯವನ್ನು ನನ್ನ ಕೈಗೆ ಕೊಟ್ಟರು. "ದನಿ ನಿಂತ ಕೂಡ್ಲೇ ಕೈ ಎತ್ತು."

ತಟ್ಟಿದೆ. ಅಪ್ಪ ನಾಣ್ಯ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ತುಟಿಯಲ್ಲೇ ಬೇಗ ಬೇಗ ಎಣಿಸಿದರು. ನಾನು ಕೈ ಎತ್ತಿದಾಗ, "ಏಳು," ಅಂದರು. "ಸರಿಯಾಗಿದೆ. ನಮ್ಮಪ್ಪ ಬಾರಿಸಿದಾಗ್ಲೂ ಏಳೇ." ಆಮೇಲೆ ಗೋಡೆಯ ಕಡೆ ತಿರುಗಿದರು. "ಆ ಗಡಿಯಾರ ನಡೀತಾ ಇದ್ಯಾ?"

"ನಡೀತಿದೆ ಅಪ್ಪ."

"ಚಳಿಗಾಲದಿಂದ ಟಿಕ್ ಟಿಕ್ ಕೇಳ್ತಿಲ್ಲ, ನಿಂತಿದೆ ಅಂದ್ಕೊಂಡು ದಿನಾ ಕೀ ತಿರುಗಿಸೋಕೆ ಹೋಗ್ತೀನಿ. ತಿರುಗೋದೇ ಇಲ್ಲ, ಬಿಗಿಯಾಗಿರುತ್ತೆ."

ಅತ್ತೆಗೆ ನಗು ಬಂತು, ನಗುವಿನ ಜೊತೆಗೇ ಕಣ್ಣೀರೂ ಬಂತು. ಅಪ್ಪನಿಗೆ ಮಾತ್ರ ಬೇರೆ ಯೋಚನೆ ಹತ್ತಿತ್ತು. ಬಗ್ಗಿ ಮೇಜಿನ ಕೆಳಗಿನ ಡಬ್ಬಿ ಎಳೆದು, ಹೋಳುಗಳನ್ನೆಲ್ಲ ಮೇಜಿನ ಮೇಲೆ ಸುರಿದರು.

"ಚಳಿಗಾಲದಿಂದ ಈಚಿನವು ತೆಗಿ. ನೀರಲ್ಲಿ ತೂಗು."

ಅಂಥವು ಹನ್ನೊಂದಿದ್ದವು. ಚೀಟಿಗಳೆಲ್ಲ ನನ್ನ ಕೈಬರಹದವೇ. ಕತ್ತರಿಸಿದ ಮೈ ಹಳದಿಯಾಗಿದ್ದರೆ ಹಿತ್ತಾಳೆ ಎಂದು ಮರುಮಾತಿಲ್ಲದೆ ಸುತ್ತಿಟ್ಟವಳು ನಾನೇ. ದಾರ ಕಟ್ಟುತ್ತ, ಮುಳುಗಿಸುತ್ತ, ತೂಗುತ್ತ ಹೋದೆ. ಹಿತ್ತಾಳೆ. ಹಿತ್ತಾಳೆ. ತಾಮ್ರ. ಅಪ್ಪ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಎಂಟನೆಯ ಹೋಳು ನೀರಿಗಿಳಿದಾಗ ಮುಳ್ಳು ಅಲುಗಿದ ಹಾಗೆ ಮಾಡಿ ಸುಮ್ಮನಾಯಿತು. ಮತ್ತೆ ತೂಗಿದೆ. ಮತ್ತೂ ಅದೇ.

ಚೀಟಿ ಬಿಡಿಸಿದೆ. ಆಚೆ ಬೀದಿಯ ಛತ್ರಿ ರಿಪೇರಿಯವರದು. ಮಗಳ ಓದಿಗೆಂದು ಇಟ್ಟದ್ದು, ಅಸಲಿ ಹೌದೋ ಅಲ್ಲವೋ ನೋಡಿ ಎಂದು ತಂದಿದ್ದರು. ತಮ್ಮ ಪಾಲಿನ ಹೋಳನ್ನು ಜೇಬಿಗೆ ಹಾಕಿಕೊಂಡು, ನಮಗೇ ಥ್ಯಾಂಕ್ಸ್ ಹೇಳಿ ಹೋಗಿದ್ದರು. ಆ ಚಿನ್ನದ ಹೋಳನ್ನು ಅಪ್ಪನ ಮುಂದಿಟ್ಟೆ.

ಉಳಿದ ಮೂರೂ ಹಿತ್ತಾಳೆಯಾಗಿದ್ದವು. ಅಪ್ಪ ಎದ್ದು ಅಂಗಿಯ ಗುಂಡಿ ಹಾಕಿಕೊಂಡು ಚಪ್ಪಲಿ ಮೆಟ್ಟಿದರು. ಚಿನ್ನದ ಹೋಳನ್ನು ಅದರ ಚೀಟಿಯಲ್ಲೇ ಸುತ್ತಿ ಕೈಯಲ್ಲಿ ಹಿಡಿದುಕೊಂಡರು.

"ನಾನು ಹೋಗಿ ಬರ್ತೀನಿ, ನೀವು ಕೂತ್ಕೊಳ್ಳಿ," ಎಂದು ಅವರ ಕಿವಿಯ ಹತ್ತಿರ ಕೂಗಿದೆ.

"ಸತ್ತಿದೆ ಅಂದವನು ನಾನು. ನಾನೇ ಹೋಗ್ಬೇಕು." ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಆದ್ರೆ ನೀನೂ ಬಾ. ಆ ಮನುಷ್ಯನ ದನಿ ಮೊದ್ಲೇ ಮೆತ್ತಗೆ. ಅವನು ಏನೇನು ಬೈತಾನೋ, ಒಂದೂ ಬಿಡದ ಹಾಗೆ ನನಗೆ ಜೋರಾಗಿ ಹೇಳು."